ಮರಿ ಹಾಕಿದ ನಾಯಿಯನ್ನು ವ್ಯಾನಿಗೆ ಹತ್ತಿಸುವ ಮೊದಲು

ಓದುಗರ ಪ್ರಶ್ನೆ: ದಾವಣಗೆರೆಯ ಹೊಸ ಬಡಾವಣೆಯೊಂದರಲ್ಲಿದ್ದೇವೆ. ಸುಮಾರು ಅರವತ್ತು ಮನೆ, ಮಧ್ಯೆ ಮಧ್ಯೆ ಖಾಲಿ ಸೈಟುಗಳು. ಬೀದಿಯಲ್ಲಿ ಎಂಟು ನಾಯಿಗಳಿವೆ. ಸಂಜೆ ನಮ್ಮ ಗೇಟಿನ ಮುಂದೆ ಅವಕ್ಕೆ ಅನ್ನ, ಹಾಲು ಹಾಕುತ್ತೇನೆ. ಮೂರು ವಾರದ ಕೆಳಗೆ ಕಂದು ಬಣ್ಣದ ಹೆಣ್ಣುನಾಯಿ ಖಾಲಿ ಸೈಟಿನ ಪಕ್ಕದ ಚರಂಡಿ ಚಪ್ಪಡಿಯಡಿ ಐದು ಮರಿ ಹಾಕಿದೆ. ಮೊನ್ನೆ ಚೆಂಡು ಹೆಕ್ಕಲು ಹೋದ ಒಂಬತ್ತು ವರ್ಷದ ಹುಡುಗನ ಮೀನಖಂಡಕ್ಕೆ ಬಾಯಿ ಹಾಕಿತು, ರಕ್ತ ಬಂದಿದೆ. ಅವರ ಮನೆಯಲ್ಲಿ ಅರಿಶಿನ ಮೆತ್ತಿ, 'ಹತ್ತು ದಿನ ನಾಯಿ ನೋಡೋಣ, ಸತ್ತರೆ ಆಮೇಲೆ ಇಂಜೆಕ್ಷನ್' ಅನ್ನುತ್ತಿದ್ದಾರೆ. ಅಸೋಸಿಯೇಶನ್ ಸಭೆಯಲ್ಲಿ ಈ ಭಾನುವಾರ ವ್ಯಾನ್ ತರಿಸಿ ಎಲ್ಲ ನಾಯಿಗಳನ್ನೂ ಹೈವೇ ಆಚೆ ಬಿಟ್ಟು ಬರುವುದೆಂದು ತೀರ್ಮಾನವಾಗಿದೆ. 'ಅಷ್ಟು ದೂರ ಯಾಕೆ, ಮಾಂಸದಲ್ಲಿ ಔಷಧಿ ಇಟ್ಟರೆ ಮುಗೀತು' ಎಂದೂ ಒಬ್ಬರು ಹೇಳಿದರು. ನಾಯಿಗೆ ಅನ್ನ ಹಾಕುವುದನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದೆ, ನಿನ್ನ ಮೇಲೇ ಕೇಸು ಹಾಕುತ್ತೇವೆ ಎಂದು ನನ್ನನ್ನು ಹೆದರಿಸುತ್ತಿದ್ದಾರೆ. ನಮ್ಮ ತಾರಸಿಯ ಟ್ಯಾಂಕ್ ಕೋಣೆಯಲ್ಲಿ ಬೆಕ್ಕೊಂದು ಮೂರು ಮರಿ ಇಟ್ಟುಕೊಂಡಿದೆ, ಅದನ್ನೂ ಮೀನು ಮಾರ್ಕೆಟ್ಟಿಗೆ ಬಿಡಿ ಅನ್ನುತ್ತಾರೆ. ಕಾನೂನು ಏನು ಹೇಳುತ್ತದೆ? ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಯಿ, ಬೆಕ್ಕು, ಕೋರ್ಟು, ನೆರೆಹೊರೆ ಎಲ್ಲವೂ ಇವೆ. ಇವೆಲ್ಲಕ್ಕಿಂತ ತುರ್ತಾದದ್ದು ಆ ಹುಡುಗನ ಕಾಲು. ಇದನ್ನು ಓದಿದ ಕೂಡಲೇ ಅವರ ಮನೆಗೆ ಹೋಗಿ. ನಾಯಿಗಳ ಪರ ಮಾತಾಡುವವರು ಮೊದಲು ಕಚ್ಚಿಸಿಕೊಂಡ ಮಗುವಿನ ಪರ ನಿಲ್ಲಬೇಕು. ಹಾಗೆ ನಿಂತರೆ ಮಾತ್ರ ಮುಂದಿನ ಮಾತನ್ನು ಬೀದಿ ಕೇಳುತ್ತದೆ.

ಹತ್ತು ದಿನ ಕಾದು ನೋಡುವ ಲೆಕ್ಕ ಅರ್ಧ ಸರಿ, ಅರ್ಧ ಅಪಾಯ. ರೇಬೀಸ್ ವೈರಸ್ ನಾಯಿಯ ಜೊಲ್ಲಿಗೆ ಬಂದ ಮೇಲೆ ಆ ನಾಯಿ ಹತ್ತು ದಿನದೊಳಗೆ ಕಾಯಿಲೆಯ ಲಕ್ಷಣ ತೋರಿಸಿ ಸಾಯುತ್ತದೆ, ಇದು ನಿಜ. ಆದರೆ ಆ ಹತ್ತು ದಿನ ಇರುವುದು ಶುರು ಮಾಡಿದ ಚಿಕಿತ್ಸೆಯನ್ನು ಹೇಗೆ ಮುಂದುವರಿಸಬೇಕೆಂದು ವೈದ್ಯರು ನಿರ್ಧರಿಸಲಿಕ್ಕೆ. ಅಷ್ಟು ದಿನ ಚಿಕಿತ್ಸೆಯನ್ನೇ ತಡೆದು ಕೂರುವುದಕ್ಕಲ್ಲ. ರೇಬೀಸ್ ಲಕ್ಷಣ ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಔಷಧ ಇಲ್ಲ. ಅದಕ್ಕೆ ಮೊದಲು ಕೊಟ್ಟ ಚಿಕಿತ್ಸೆ ಮಾತ್ರ ಕಾಪಾಡುತ್ತದೆ.

ಗಾಯವನ್ನು ಈಗಲಾದರೂ ತೊಳೆಯಿರಿ. ನಲ್ಲಿಯ ಕೆಳಗೆ ಕಾಲು ಚಾಚಿಸಿ ಕೂರಿಸಿ, ಬಟ್ಟೆ ಸೋಪಾದರೂ ಸರಿ, ನೊರೆ ಬರಿಸಿ ಗಡಿಯಾರ ನೋಡಿ 15 ನಿಮಿಷ ತೊಳೆಯಬೇಕು. ಹಲ್ಲು ಇಳಿದ ತೂತಿನೊಳಕ್ಕೆ ನೀರು ಹೋಗಬೇಕು, ಮೇಲೆ ಸವರಿದರೆ ಸಾಲದು. ವೈರಸ್ಸಿನ ಹೊರಗವಚ ಕೊಬ್ಬಿನದು, ಸೋಪು ಅದನ್ನು ಕರಗಿಸುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಯಾವುದೂ ಬೇಡ. ಅವು ಗಾಯವನ್ನು ಕೆರಳಿಸುತ್ತವೆ, ವೈರಸ್ಸಿಗೆ ಏನೂ ಮಾಡುವುದಿಲ್ಲ. ಬಿಗಿಯಾಗಿ ಪಟ್ಟಿ ಕಟ್ಟುವುದು, ಆತುರಕ್ಕೆ ಹೊಲಿಗೆ ಹಾಕಿಸುವುದು ಕೂಡ ಬೇಡ.

ರಕ್ತ ಬಂದ ಕಡಿತ ಮೂರನೇ, ಅಂದರೆ ಅತಿ ಗಂಭೀರ ವರ್ಗದ್ದು. ಇದಕ್ಕೆ ಲಸಿಕೆ ಒಂದೇ ಸಾಲದು, ಗಾಯದ ಒಳಗೂ ಸುತ್ತಲೂ ಚುಚ್ಚುವ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಲಸಿಕೆ ಕೆಲಸ ಶುರು ಮಾಡಲು ಒಂದೆರಡು ವಾರ ಹಿಡಿಯುತ್ತದೆ. ಆ ನಡುವಿನ ದಿನಗಳಲ್ಲಿ ಗಾಯದ ಜಾಗದಲ್ಲೇ ವೈರಸ್ಸನ್ನು ಕಟ್ಟಿಹಾಕುವುದು ಈ ಇಂಜೆಕ್ಷನ್. ಕುದುರೆಯ ರಕ್ತದಿಂದ ತಯಾರಾದದ್ದಾದರೆ ಕಿಲೋ ತೂಕಕ್ಕೆ 40 ಯೂನಿಟ್, ಮನುಷ್ಯರ ರಕ್ತದಿಂದ ತಯಾರಾದದ್ದಾದರೆ 20 ಯೂನಿಟ್. ಹುಡುಗ 25 ಕಿಲೋ ಇದ್ದರೆ ಕ್ರಮವಾಗಿ 1,000 ಅಥವಾ 500 ಯೂನಿಟ್. ಮೊದಲ ಲಸಿಕೆ ಬಿದ್ದ ದಿನದಿಂದ ಏಳು ದಿನದೊಳಗೆ ಇದನ್ನು ಕೊಡಬಹುದು, ಆಮೇಲೆ ಕೊಟ್ಟು ಫಲವಿಲ್ಲ. ಚಿಕ್ಕ ಆರೋಗ್ಯ ಕೇಂದ್ರದಲ್ಲಿ ಇದು ಸಿಗದಿದ್ದರೆ ಲಸಿಕೆ ಅಲ್ಲೇ ಹಾಕಿಸಿ ನೇರ ಜಿಲ್ಲಾಸ್ಪತ್ರೆಗೆ ಹೋಗಿ. ತಪ್ಪುವುದು ಇಲ್ಲೇ. 'ಇಂಜೆಕ್ಷನ್ ಆಯ್ತು' ಎಂದು ಮನೆಯವರು ನೆಮ್ಮದಿಯಾಗುತ್ತಾರೆ, ಆದದ್ದು ಲಸಿಕೆ ಮಾತ್ರ ಆಗಿರುತ್ತದೆ. ಚೀಟಿಯಲ್ಲಿ ಎರಡೂ ಬರೆದಿದೆಯೇ ನೋಡಿ.

ಲಸಿಕೆ ಈಗ ತೋಳಿಗೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಎರಡೂ ತೋಳಿಗೆ 0.1 ಮಿ.ಲೀ.ನಂತೆ 0, 3, 7, 28ನೇ ದಿನ. ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ 0, 3, 7, 14, 28ನೇ ದಿನ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುವ ಕಾಲ ಯಾವಾಗಲೋ ಹೋಯಿತು. ಇಂದಿಗೂ ಹಳಬರ ಮನೆಗಳಲ್ಲಿ ಆ ಹೆದರಿಕೆಯಿಂದಲೇ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ. ಪಥ್ಯವೇನೂ ಇಲ್ಲ.

ಈಗ ವ್ಯಾನಿನ ವಿಷಯ. ಹುಡುಗನ ತಂದೆತಾಯಿಗೇ ಮೊದಲು ಹೇಳಬೇಕಾದ ಮಾತಿದು: ಕಚ್ಚಿದ ನಾಯಿ ಕಣ್ಣೆದುರು ಇದ್ದರೆ ಮಾತ್ರ ಆ ಹತ್ತು ದಿನಗಳ ಲೆಕ್ಕಕ್ಕೆ ಬೆಲೆ. ಭಾನುವಾರ ಅದನ್ನು ಹೈವೇ ಆಚೆ ಬಿಟ್ಟು ಬಂದರೆ, ಅದು ಬದುಕಿತೋ ಸತ್ತಿತೋ ಹೇಳುವವರು ಯಾರೂ ಇರುವುದಿಲ್ಲ. ಹುಡುಗನ ವೈದ್ಯರು ಕೇಳುವ ಮೊದಲ ಪ್ರಶ್ನೆಯ ಉತ್ತರವನ್ನೇ ವ್ಯಾನಿನಲ್ಲಿ ತುಂಬಿ ಕಳಿಸಿದಂತಾಗುತ್ತದೆ. ದಿನಕ್ಕೆ ಎರಡು ಬಾರಿ ದೂರದಿಂದ ಆ ನಾಯಿಯನ್ನು ನೋಡಿ ಬರೆದಿಡಿ. ತಿನ್ನುತ್ತಿದೆಯೇ, ನೀರು ಕುಡಿಯುತ್ತಿದೆಯೇ, ಮರಿಗಳಿಗೆ ಹಾಲು ಕೊಡುತ್ತಿದೆಯೇ. ಕೆಳದವಡೆ ಜೋತುಬೀಳುವುದು, ನಿಲ್ಲದೆ ಜೊಲ್ಲು ಸುರಿಯುವುದು, ಹಿಂಗಾಲು ಎಳೆಯುವುದು, ಬೊಗಳುವ ದನಿ ಒಡೆದು ಬೇರೆಯಾಗುವುದು, ಕಲ್ಲು ಕಡ್ಡಿ ಕಚ್ಚುವುದು ಕಂಡರೆ ಹತ್ತಿರ ಹೋಗದೆ ಪಾಲಿಕೆಗೂ ಪಶು ಆಸ್ಪತ್ರೆಗೂ ಫೋನ್ ಮಾಡಿ. ಹುಚ್ಚು ಹಿಡಿದ ನಾಯಿ ಎಲ್ಲರ ಮೇಲೂ ಎಗರಿ ಬರುತ್ತದೆ ಅಂದುಕೊಳ್ಳಬೇಡಿ. ಮಂಕಾಗಿ ಮೂಲೆ ಹಿಡಿದು ಮಲಗುವ ರೇಬೀಸ್ ಕೂಡ ಇದೆ, ಮೈ ಸವರಲು ಹೋದವರಿಗೆ ಅಂಟುವುದು ಅದೇ.

ಅದು ಯಾಕೆ ಕಚ್ಚಿತು

ನಿಮ್ಮ ವಿವರಣೆಯಿಂದ ನೋಡಿದರೆ ಇದು ಬಾಣಂತಿ ನಾಯಿಯ ಕಡಿತ. ಮರಿ ಕಣ್ಣು ಬಿಡುವುದು ಸುಮಾರು ಎರಡು ವಾರಕ್ಕೆ, ಗೂಡಿನಿಂದ ಹೊರಗೆ ತೆವಳುವುದು ಮೂರನೇ ವಾರಕ್ಕೆ. ತಾಯಿಯ ಆತಂಕ ಹೆಚ್ಚಿರುವುದು ಆಗಲೇ. ಚೆಂಡಿನ ಹಿಂದೆ ಓಡಿ ಬಂದು ಗೂಡಿನ ಬಾಯಿಗೆ ಬಗ್ಗುವ ಮಗು ಅದರ ಕಣ್ಣಿಗೆ ಮರಿ ಕದಿಯಲು ಬಂದವನ ಹಾಗೆ ಕಾಣುತ್ತದೆ. ಗುರ್ ಎಂದಿರುತ್ತದೆ, ಹುಡುಗನಿಗೆ ಕೇಳಿಸಿರುವುದಿಲ್ಲ. ಮೀನಖಂಡಕ್ಕೆ ಒಂದು ಸಲ ಬಾಯಿ ಹಾಕಿ ಬಿಟ್ಟದ್ದೂ ಓಡಿಸುವ ಕಡಿತದ ಲಕ್ಷಣವೇ. ಹಾಗೆಂದು ರೇಬೀಸ್ ಇಲ್ಲ ಅಂತ ತೀರ್ಮಾನಿಸಿ ಚಿಕಿತ್ಸೆ ಬಿಡಬೇಡಿ.

ಮರಿಗಳು ತಾಯಿಯ ಹಾಲು ಬಿಡುವುದು ಆರರಿಂದ ಎಂಟು ವಾರಕ್ಕೆ. ಅಂದರೆ ಇನ್ನು ಐದು ವಾರ ಮಾತ್ರ ಜೋಪಾನ. ಚಪ್ಪಡಿಯಿಂದ ಹದಿನೈದು ಅಡಿ ಈಚೆಗೆ ನಾಲ್ಕು ಗೂಟ ನೆಟ್ಟು ಹಗ್ಗ ಅಥವಾ ಹಸಿರು ನೆಟ್ ಕಟ್ಟಿ, 'ಮರಿ ಇವೆ, ಹತ್ತಿರ ಬರಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದು ತೂಗುಹಾಕಿ. ಮಕ್ಕಳ ಆಟ ಅಷ್ಟು ದಿನ ಬೇರೆ ಸೈಟಿಗೆ. ಮರಿ ಮುದ್ದಾಗಿವೆ ಎಂದು ಎತ್ತಿಕೊಳ್ಳಲು ಬಿಡಬೇಡಿ. ತಾಯಿಗೆ ಊಟ, ನೀರು ಗೂಡಿನಿಂದ ತುಸು ದೂರ, ಎರಡು ಹೊತ್ತು ಸಿಕ್ಕರೆ ಅದು ದಾರಿಹೋಕರ ಚೀಲದ ಹಿಂದೆ ಬೀಳುವುದೂ ನಿಲ್ಲುತ್ತದೆ. ಮರಿಗಳನ್ನು ತಾಯಿಯಿಂದ ಈಗಲೇ ಬೇರೆ ಮಾಡಿದರೆ ಅದು ಬೀದಿ ಬೀದಿ ಹುಡುಕಿಕೊಂಡು ಅಲೆಯುತ್ತದೆ. ಆಗ ಅಪಾಯ ಒಂದು ಸೈಟಿನಿಂದ ಇಡೀ ಬಡಾವಣೆಗೆ ಹರಡುತ್ತದೆ.

ಬೇರೆಡೆ ಬಿಟ್ಟು ಬರುವುದು

ಅಸೋಸಿಯೇಶನ್ನಿಗೆ ಈ ಅಧಿಕಾರ ಇಲ್ಲ. 2023ರ ಮಾರ್ಚ್‌ನಲ್ಲಿ ಹೊರಬಂದ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ವಾಪಸ್ ಬಿಡುವುದು ಸ್ಥಳೀಯ ಸಂಸ್ಥೆಯ ಕೆಲಸ. ಅದನ್ನೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಯಿಂದ ಮಾಡಿಸಬೇಕು. ನಿವಾಸಿಗಳು ವ್ಯಾನ್ ಗೊತ್ತುಮಾಡಿ, ಕುತ್ತಿಗೆಗೆ ತಂತಿ ಹಾಕಿ ಎಳೆದು ತುಂಬಿಸಿಕೊಂಡು ಹೋದರೆ ಅದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ನಿನ ಅಪರಾಧ. ಪ್ರಾಣಿಗೆ ನೋವಾಗುವಂತೆ ಸಾಗಿಸುವುದು, ಹಸಿವು ಬಾಯಾರಿಕೆಯಿಂದ ನರಳುವ ಜಾಗದಲ್ಲಿ ತೊರೆಯುವುದು ಎರಡೂ ಅಲ್ಲಿ ಬೇರೆ ಬೇರೆಯಾಗಿ ಹೆಸರಿಸಿದ ಅಪರಾಧಗಳು. ಸಭೆಯ ನಡಾವಳಿ ಪುಸ್ತಕದಲ್ಲಿ ಈ ತೀರ್ಮಾನ ಬರೆದಿದ್ದರೆ, ಸಹಿ ಹಾಕಿದವರು ತಮ್ಮ ವಿರುದ್ಧ ತಾವೇ ಸಾಕ್ಷಿ ಬರೆದುಕೊಟ್ಟ ಹಾಗೆ. ಇದನ್ನು ಕಾರ್ಯದರ್ಶಿಗೆ ಸಮಾಧಾನವಾಗಿ ತಿಳಿಸಿ.

ಕಾನೂನನ್ನು ಬದಿಗಿಟ್ಟು ನೋಡಿದರೂ ಈ ಉಪಾಯ ಕೆಲಸ ಮಾಡುವುದಿಲ್ಲ. ನಿಮ್ಮ ಬೀದಿಯಲ್ಲಿ ಎಂಟು ನಾಯಿ ಇರುವುದಕ್ಕೆ ಕಾರಣ ಅಲ್ಲಿ ಎಂಟು ನಾಯಿಯ ಹೊಟ್ಟೆ ತುಂಬುವಷ್ಟು ಅನ್ನ ಸಿಗುತ್ತಿರುವುದು. ನಿಮ್ಮ ಬಟ್ಟಲು ಅದರಲ್ಲಿ ಒಂದು ಪಾಲು. ಉಳಿದದ್ದು ಖಾಲಿ ಸೈಟಿಗೆ ಎಸೆದ ಕಸದ ಕವರು, ಕೋಳಿ ಅಂಗಡಿಯವರು ರಾತ್ರಿ ಸುರಿಯುವ ತ್ಯಾಜ್ಯ, ಸಮಾರಂಭದ ಎಲೆ. ಎಂಟನ್ನು ಎತ್ತಿದರೆ ಅನ್ನ ಅಲ್ಲೇ ಉಳಿಯುತ್ತದೆ, ಕಾವಲು ಹೋಗುತ್ತದೆ. ಪಕ್ಕದ ಬೀದಿಗಳಿಂದ ಆಪರೇಶನ್ ಆಗದ, ಲಸಿಕೆ ಕಾಣದ ನಾಯಿಗಳು ಕೆಲವೇ ವಾರಗಳಲ್ಲಿ ಬರುತ್ತವೆ. ಅವಕ್ಕೆ ನಿಮ್ಮ ಮಕ್ಕಳ ಗುರುತಿಲ್ಲ, ಮಕ್ಕಳಿಗೆ ಅವುಗಳ ಗುರುತಿಲ್ಲ. ಜಾಗಕ್ಕಾಗಿ ಅವು ತಮ್ಮೊಳಗೇ ಕಿತ್ತಾಡುವ ಆ ದಿನಗಳಲ್ಲಿ ಕಡಿತ ಜಾಸ್ತಿ. ಅತ್ತ ಹೈವೇ ಪಕ್ಕ ಬಿಟ್ಟ ನಾಯಿಗೆ ನೀರಿನ ಜಾಗ ಗೊತ್ತಿಲ್ಲ, ಅಲ್ಲಿನ ಗುಂಪು ಒಳಗೆ ಸೇರಿಸುವುದಿಲ್ಲ. ವಾಪಸ್ ಬರಲು ರಸ್ತೆ ದಾಟುವಾಗ ಲಾರಿಗೆ ಸಿಗುತ್ತದೆ, ಅದರ ಮೇಲೆ ಬೈಕಿನವರು ಬೀಳುತ್ತಾರೆ. ಅದಕ್ಕೆ ರೇಬೀಸ್ ಇದ್ದಿದ್ದರೆ ಇನ್ನೊಂದು ಹಳ್ಳಿಗೆ ನೀವೇ ಮುಟ್ಟಿಸಿದ ಹಾಗೆ.

ಸುಪ್ರೀಂ ಕೋರ್ಟ್ ಹೇಳಿದ್ದೇನು

ಇಲ್ಲಿ ಹೇಳುವುದು 2025ರ ನವೆಂಬರ್‌ವರೆಗಿನ ಆದೇಶಗಳು. ಆಮೇಲಿನ ಆದೇಶ ಇದ್ದರೆ ಅದನ್ನೂ ಸೇರಿಸಿ ಓದಿಕೊಳ್ಳಿ. ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಮತ್ತು ಸುತ್ತಲಿನ ನಾಯಿಗಳನ್ನೆಲ್ಲ ಹಿಡಿದು ಆಶ್ರಯ ತಾಣಗಳಲ್ಲಿ ಇಡುವಂತೆ ಹೇಳಿತು. ನಿಮ್ಮ ನೆರೆಯವರ ಕಿವಿಯಲ್ಲಿ ಉಳಿದಿರುವುದು ಆ ಸುದ್ದಿ. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಾಯಿಸಿತು. ಆಪರೇಶನ್, ಜಂತುಹುಳು ಔಷಧ, ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ಇರುವ ಅಥವಾ ಇರುವ ಶಂಕೆಯ ನಾಯಿಗಳನ್ನು ಮತ್ತು ಆಕ್ರಮಣಕಾರಿ ಸ್ವಭಾವದವನ್ನು ಬಿಡಬಾರದು ಎಂದಿತು. ಪ್ರಕರಣವನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ನವೆಂಬರ್ 7ರ ಆದೇಶ ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಆವರಣಗಳದ್ದು. ಅಲ್ಲಿಂದ ಹಿಡಿದ ನಾಯಿಗಳನ್ನು ಅದೇ ಆವರಣಕ್ಕೆ ವಾಪಸ್ ಬಿಡದೆ ಆಶ್ರಯ ತಾಣಕ್ಕೆ ಕಳಿಸಬೇಕು. ನಿಮ್ಮ ಬಡಾವಣೆಯ ಬೀದಿ ಆ ಪಟ್ಟಿಯಲ್ಲಿಲ್ಲ. ಮೂರರಲ್ಲಿ ಯಾವ ಆದೇಶವೂ ಹಿಡಿಯುವ ಕೆಲಸವನ್ನು ನಿವಾಸಿಗಳ ಕೈಗೆ ಕೊಟ್ಟಿಲ್ಲ.

ಅನ್ನ ಹಾಕುವ ವಿಷಯದಲ್ಲಿ ನಿಮ್ಮ ನೆರೆಯವರ ಮಾತಿನಲ್ಲಿ ಅರ್ಧ ನಿಜವಿದೆ, ಅದನ್ನು ನೀವು ಒಪ್ಪಿಕೊಳ್ಳಬೇಕು. ಆಗಸ್ಟ್ 22ರ ಆದೇಶದ ಪ್ರಕಾರ ರಸ್ತೆಯಲ್ಲಿ ಎಲ್ಲೆಂದರಲ್ಲಿ ಹಾಕುವಂತಿಲ್ಲ. ಸ್ಥಳೀಯ ಸಂಸ್ಥೆ ವಾರ್ಡ್‌ವಾರು ಜಾಗ ಗುರುತಿಸಬೇಕು, ಅಲ್ಲಿ ಮಾತ್ರ ಹಾಕಬೇಕು. 2023ರ ನಿಯಮಗಳ 20ನೇ ನಿಯಮವೂ ಜಾಗ ಗೊತ್ತುಮಾಡುವ ಹೊಣೆಯನ್ನು ನಿವಾಸಿಗಳ ಸಂಘದ ಮೇಲೆಯೇ ಹಾಕಿದೆ. ಮಕ್ಕಳು ಆಡುವಲ್ಲಿ, ಮೆಟ್ಟಿಲ ಬಳಿ, ಬಂದುಹೋಗುವ ದಾರಿಯಲ್ಲಿ ಬೇಡ ಎನ್ನುತ್ತದೆ. ಆದ್ದರಿಂದ ಗೇಟಿನ ಮುಂದೆ ಹಾಕುವುದನ್ನು ಇವತ್ತೇ ನಿಲ್ಲಿಸಿ, ಜಾಗ ಗುರುತಿಸಿ ಕೊಡಿ ಎಂದು ಪಾಲಿಕೆಗೂ ಸಂಘಕ್ಕೂ ಲಿಖಿತವಾಗಿ ಕೇಳಿ. ಸಂಜೆ ಮಕ್ಕಳು ಆಡುವ ಹೊತ್ತಿಗೆ ನಿಮ್ಮ ಗೇಟಿನಲ್ಲಿ ಎಂಟು ನಾಯಿ ಸೇರುತ್ತಿದ್ದುದು ಜನರಿಗೆ ಸಿಟ್ಟು ತರಿಸಿದ್ದರೆ ಅದರಲ್ಲಿ ತಪ್ಪಿಲ್ಲ.

ಜಾಗ ಗೊತ್ತಾದ ಮೇಲೆ ಹಾಕುವ ಕ್ರಮವೂ ಬದಲಾಗಲಿ. ಬೆಳಿಗ್ಗೆ ಐದೂವರೆ ಅಥವಾ ರಾತ್ರಿ ಒಂಬತ್ತೂವರೆ, ದಿನಾ ಒಂದೇ ಹೊತ್ತು. ನಾಯಿಗೊಂದು ಬಟ್ಟಲು, ಬಟ್ಟಲಿನಿಂದ ಬಟ್ಟಲಿಗೆ ಆರೇಳು ಅಡಿ. ಒಂದೇ ರಾಶಿ ಸುರಿದರೆ ಗಟ್ಟಿಗ ನಾಯಿ ಕಾದು ಕೂರುತ್ತದೆ, ಜಗಳ ಅಲ್ಲಿಂದಲೇ. ಹದಿನೈದು ಇಪ್ಪತ್ತು ಕಿಲೋ ನಾಯಿಗೆ 300–400 ಗ್ರಾಂ ಬೆಂದ ಅನ್ನಕ್ಕೆ ಒಂದು ಮೊಟ್ಟೆಯೋ ಒಂದಿಷ್ಟು ಮೂಳೆಯಿಲ್ಲದ ಕೋಳಿಯೋ ಕಲಸಿದರೆ ಸಾಕು. ಹಾಲು ಬೇಡ, ಬೆಳೆದ ಎಷ್ಟೋ ನಾಯಿಗಳಿಗೆ ಅದು ಅರಗದೆ ಭೇದಿಯಾಗುತ್ತದೆ, ಆ ಗಲೀಜು ಮತ್ತೆ ನಿಮ್ಮ ಮೇಲೇ ದೂರಾಗುತ್ತದೆ. ಮಾಂಸ ತಿಂದರೆ ನಾಯಿ ಕ್ರೂರಿಯಾಗುತ್ತದೆ ಎನ್ನುವುದು ಬರೀ ನಂಬಿಕೆ. ಇಪ್ಪತ್ತು ನಿಮಿಷಕ್ಕೆ ಬಟ್ಟಲೆತ್ತಿ ನೆಲ ತೊಳೆಯಿರಿ. ನೀರಿನ ಸಿಮೆಂಟ್ ತೊಟ್ಟಿ ಇಟ್ಟರೆ ದಿನಾ ಚೆಲ್ಲಿ ತುಂಬಿಸಿ, ಇಲ್ಲದಿದ್ದರೆ ಸೊಳ್ಳೆ.

ಆಪರೇಶನ್ ಸರಿಯಾಗಿ ಆಗಬೇಕಾದರೆ

ನಿಮ್ಮ ಬೀದಿಗೆ ನಿಜವಾದ ಪರಿಹಾರ ಇದು. ಆದರೆ ಅರೆಬರೆ ಮಾಡಿದರೆ ಪ್ರಯೋಜನವಿಲ್ಲ. ಒಂದು ಹೆಣ್ಣುನಾಯಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗರ್ಭ ಸುಮಾರು 63 ದಿನ. ಎಂಟರಲ್ಲಿ ನಾಲ್ಕು ಹೆಣ್ಣಿದ್ದು ಮೂರಕ್ಕೆ ಮಾಡಿ ಒಂದನ್ನು ಬಿಟ್ಟರೂ ಮುಂದಿನ ವರ್ಷದೊಳಗೆ ಸಂಖ್ಯೆ ಅಲ್ಲಿಗೇ ಬಂದು ನಿಲ್ಲುತ್ತದೆ. ಕೆಡುವುದು ಹೀಗೆ: ಹಿಡಿಯುವವರ ವಾಹನ ಬಂದಾಗ ಬಾಲ ಅಲ್ಲಾಡಿಸಿಕೊಂಡು ಬರುವ ಸಾಧು ನಾಯಿಗಳು ಸಿಗುತ್ತವೆ, ದೂರ ಓಡುವ ಅಂಜುಬುರುಕ ಹೆಣ್ಣು ತಪ್ಪಿಸಿಕೊಳ್ಳುತ್ತದೆ. ಲೆಕ್ಕದಲ್ಲಿ ಐದು ನಾಯಿ ಆದವು ಎಂದಾಗುತ್ತದೆ, ಮರಿ ಹಾಕುವುದು ಉಳಿದೇ ಇರುತ್ತದೆ. ಅನ್ನ ಹಾಕುವವರು ಇಲ್ಲಿ ಬೇಕೇ ಬೇಕು. ಆ ಅಂಜುಬುರುಕ ನಾಯಿ ಹತ್ತಿರ ಬರುವುದು ನಿಮ್ಮ ಬಟ್ಟಲಿಗೆ ಮಾತ್ರ. ಹಿಡಿಯುವ ದಿನ ಅದೇ ಹೊತ್ತಿಗೆ ಖಾಲಿ ಬಟ್ಟಲಿನ ಸದ್ದು ಮಾಡಿ ನೀವು ಕರೆದರೆ ಕೆಲಸ ಬಲೆಯಿಂದ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿ ಇರಬೇಕಾದ್ದರಿಂದ ಹಿಂದಿನ ರಾತ್ರಿ ಊಟ ಹಾಕಬೇಡಿ.

ಮೊದಲು ಲೆಕ್ಕ ಮಾಡಿ. ಮೂರು ದಿನ ಬೆಳಿಗ್ಗೆ ಐದೂವರೆಯಿಂದ ಏಳರೊಳಗೆ ಬೀದಿ ಸುತ್ತಿ, ಪ್ರತಿ ನಾಯಿಯ ಫೋಟೋ ತೆಗೆದು ಬಣ್ಣ, ಗಂಡೋ ಹೆಣ್ಣೋ, ಕಿವಿಯಲ್ಲಿ ವಿ ಆಕಾರದ ಕತ್ತರಿ ಗುರುತಿದೆಯೋ, ಎಲ್ಲಿ ಮಲಗುತ್ತದೆ ಎಂದು ಬರೆಯಿರಿ. ಆ ಗುರುತಿದ್ದರೆ ಆಪರೇಶನ್ ಆಗಿದೆ ಎಂದರ್ಥ, ಲಸಿಕೆ ಇನ್ನೂ ಚಾಲ್ತಿಯಲ್ಲಿದೆ ಎಂದಲ್ಲ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ಬೇಕು. ಈ ಪಟ್ಟಿ, ಕೈಯಲ್ಲಿ ಬರೆದ ನಕ್ಷೆ, ಹುಡುಗನಿಗೆ ಕಚ್ಚಿದ ವಿವರ ಎಲ್ಲ ಸೇರಿಸಿ ಮಹಾನಗರ ಪಾಲಿಕೆ ಆಯುಕ್ತರಿಗೆ ಪತ್ರ ಕೊಡಿ. ಪ್ರತಿಗಳು ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೆ, ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ. ನೀವೊಬ್ಬರೇ ಸಹಿ ಹಾಕಿದರೆ 'ನಾಯಿ ಪ್ರೇಮಿಯ ಪತ್ರ' ಆಗುತ್ತದೆ, ಹುಡುಗನ ತಂದೆಯ ಸಹಿಯೂ ಅಧ್ಯಕ್ಷರ ಸಹಿಯೂ ಇದ್ದರೆ ಬಡಾವಣೆಯ ಪತ್ರವಾಗುತ್ತದೆ. ಟಪಾಲಿನಲ್ಲಿ ಸ್ವೀಕೃತಿ ಮುದ್ರೆ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಬರಬೇಡಿ. ಹಳ್ಳಿಯಾದರೆ ಇದೇ ಕೆಲಸ ಗ್ರಾಮ ಪಂಚಾಯಿತಿಯದು.

ಪಾಲಿಕೆಯವರು ಬಂದಾಗ ಏನು ಗಮನಿಸಬೇಕು? ಬಲೆ ಅಥವಾ ಕೈಯಿಂದ ಹಿಡಿಯಬೇಕು. ಇಕ್ಕಳ, ತಂತಿ ನಿಷಿದ್ಧ. ಯಾವ ನಾಯಿಯನ್ನು ಎಲ್ಲಿಂದ ಎತ್ತಿದರು ಎಂಬುದು ಆಗಲೇ ದಾಖಲಾಗಬೇಕು, ನಾಯಿಗೆ ನಂಬರ್ ಬೀಳಬೇಕು. ಆ ನಂಬರ್ ತಪ್ಪಿದರೆ ನಿಮ್ಮ ನಾಯಿ ಇನ್ಯಾವುದೋ ಬೀದಿಗೆ ಬಂದಿಳಿಯುತ್ತದೆ. ಶಸ್ತ್ರಚಿಕಿತ್ಸೆ ಆದ ಮೇಲೆ ಹೆಣ್ಣುನಾಯಿಯನ್ನು ಕನಿಷ್ಠ ನಾಲ್ಕೈದು ದಿನ ಇಟ್ಟುಕೊಂಡು, ಹೊಲಿಗೆ ಒಣಗಿದ್ದು ನೋಡಿ ಬಿಡಬೇಕು. ಅವಸರಕ್ಕೆ ಬಿಟ್ಟರೆ ಹೊಲಿಗೆ ಬಿಚ್ಚಿ, ಹುಳು ಬಿದ್ದು ಸಾಯುತ್ತದೆ. ವಾಪಸ್ ಬಂದ ನಾಯಿಯ ಹೊಟ್ಟೆಯಡಿ ಊತ, ಕೀವು, ವಾಸನೆ ಇದೆಯೇ ಎಂದು ಒಂದು ವಾರ ನೋಡುತ್ತಿರಿ, ಇದ್ದರೆ ಕೂಡಲೇ ಅವರಿಗೆ ತಿಳಿಸಿ. ಬಾಣಂತಿ ನಾಯಿಯನ್ನು ಈ ಸುತ್ತಿನಲ್ಲಿ ಒಯ್ಯಲು ಬಿಡಬೇಡಿ. ಮರಿ ಹಾಲು ಬಿಟ್ಟು, ಅದರ ಹಾಲು ಬತ್ತಿದ ಮೇಲೆ, ಮತ್ತೆ ಬೆದೆಗೆ ಬರುವುದರೊಳಗೆ ಮಾಡಿಸಬೇಕು. ಆ ದಿನಾಂಕವನ್ನು ಪತ್ರದಲ್ಲೇ ಬರೆದುಬಿಡಿ. ಮರಿಗಳಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆರು ತಿಂಗಳ ಹೊತ್ತಿಗೆ ಆಪರೇಶನ್.

ಒಂದು ಸಲ ಮರಿ ಹಾಕಿದ ಮೇಲೇ ಮಾಡಿಸಬೇಕು ಎನ್ನುವುದಕ್ಕೆ ವೈದ್ಯಕೀಯ ಆಧಾರವಿಲ್ಲ. ಆಪರೇಶನ್ ಆದ ನಾಯಿ ಕಚ್ಚುವುದೇ ಇಲ್ಲ ಎನ್ನುವುದೂ ಸುಳ್ಳು. ಬೆದೆಯ ಕಾಲದ ಗುಂಪು, ಗಂಡುಗಳ ಕಾಳಗ, ಬಾಣಂತಿ ಕಡಿತ ನಿಲ್ಲುತ್ತವೆ. ಬೈಕ್ ಅಟ್ಟಿಸಿಕೊಂಡು ಹೋಗುವ ಚಾಳಿ, ಅಪರಿಚಿತರಿಗೆ ಬೊಗಳುವುದು ಅಷ್ಟರಿಂದಲೇ ಹೋಗುವುದಿಲ್ಲ. ಸಂಖ್ಯೆ ಕಣ್ಣಿಗೆ ಕಾಣುವಂತೆ ಇಳಿಯಲು ಎರಡು ಮೂರು ವರ್ಷ ಬೇಕು. ಬೆಂಗಳೂರಿನಲ್ಲಿ 2019ರ ಎಣಿಕೆಯಲ್ಲಿ ಸುಮಾರು 3.10 ಲಕ್ಷವಿದ್ದ ಬೀದಿನಾಯಿಗಳು 2023ರ ಎಣಿಕೆಯಲ್ಲಿ ಸುಮಾರು 2.79 ಲಕ್ಷ. ನಾಲ್ಕು ವರ್ಷಕ್ಕೆ ಹತ್ತರಲ್ಲೊಂದು ಪಾಲು ಎಂದರೆ ಕಡಿಮೆ ಅನ್ನಿಸಬಹುದು. ಏನೂ ಮಾಡದಿದ್ದರೆ ಅದು ಏರುತ್ತಿತ್ತು. ರೇಬೀಸ್ ತಡೆಯಲಂತೂ ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ಕ್ಕೆ ಲಸಿಕೆ ಬಿದ್ದಿರಬೇಕು. ನಿಮ್ಮ ಎಂಟರಲ್ಲಿ ಕನಿಷ್ಠ ಆರು. ಜೊತೆಗೆ ಕೋಳಿ ಅಂಗಡಿಯ ತ್ಯಾಜ್ಯ ಸೈಟಿಗೆ ಬೀಳುವುದನ್ನು ಸಂಘ ನಿಲ್ಲಿಸಲಿ. ವ್ಯಾನಿಗೆ ಇಟ್ಟಿದ್ದ ದುಡ್ಡು ಅದಕ್ಕೂ ಬೇಲಿಗೂ ಸಾಕು.

ವಿಷದ ಮಾತು

ಇದನ್ನು ಹಗುರವಾಗಿ ಬಿಡಬೇಡಿ. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಪ್ರಾಣಿಯನ್ನು ಕೊಲ್ಲುವುದು, ವಿಷವಿಡುವುದು, ಅಂಗಹೀನ ಮಾಡುವುದು ಐದು ವರ್ಷದವರೆಗೆ ಜೈಲು, ದಂಡ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ. ಬೀದಿನಾಯಿಗೆ ಮಾಲೀಕರಿಲ್ಲ ಎಂದು ಠಾಣೆಯಲ್ಲಿ ವಾಪಸ್ ಕಳಿಸಲು ನೋಡಿದರೆ 1960ರ ಕಾಯ್ದೆಯ 11(1)(ಎಲ್) ಉಪವಾಕ್ಯ ತೋರಿಸಿ. ಕ್ರೂರವಾಗಿ ಕೊಲ್ಲುವುದನ್ನು ಹೇಳುವಾಗ 'ಬೀದಿನಾಯಿಗಳೂ ಸೇರಿ' ಎಂದು ಅಲ್ಲೇ ಬರೆದಿದೆ, ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು. ದೂರಿನಲ್ಲಿ ಎರಡೂ ಸೆಕ್ಷನ್ ಬರೆಯಿರಿ. 1960ರ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ದಂಡ ಇನ್ನೂ 10ರಿಂದ 50 ರೂಪಾಯಿ, ಅರವತ್ತು ವರ್ಷ ದಾಟಿದರೂ ಅದನ್ನು ಏರಿಸದಿರುವುದು ನೋವಿನ ಸಂಗತಿ. ಆ ಕಾಯ್ದೆಯಡಿ ಮೊಕದ್ದಮೆಗೆ ಮೂರು ತಿಂಗಳ ಗಡುವೂ ಇದೆ.

ಬಾಯಿ ಜೊಲ್ಲು, ಮೈ ಅದುರು, ಚಿಕ್ಕದಾದ ಕಣ್ಣಿನ ಪಾಪೆ, ಭೇದಿ, ಸೆಳೆತ ಒಟ್ಟಿಗೆ ಕಂಡರೆ ಬೆಳೆಗೆ ಹೊಡೆಯುವ ಕೀಟನಾಶಕದ ಶಂಕೆ. ಕೈಗವಸಿಲ್ಲದೆ ಮುಟ್ಟಬೇಡಿ. ಉಪ್ಪುನೀರು, ಎಣ್ಣೆ, ಹಾಲು ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿದು ಅದರಿಂದಲೇ ಸಾಯುತ್ತದೆ. ಅಟ್ರೋಪಿನ್ ಎಂಬ ಪ್ರತಿವಿಷ ಇರುವ ಪಶು ಆಸ್ಪತ್ರೆಗೆ ಎಷ್ಟು ಬೇಗ ಒಯ್ದರೆ ಅಷ್ಟು ಉಳಿವಿನ ಆಸೆ. ಸತ್ತಿದ್ದರೆ ಹೂಳಬೇಡಿ. ಪಕ್ಕದ ಮಾಂಸದ ಚೂರು, ವಾಂತಿ ಇರುವ ಜಾಗದ ಫೋಟೋ ತೆಗೆದು, ಅವೆರಡನ್ನೂ ಶುದ್ಧ ಗಾಜಿನ ಬಾಟಲಿಯಲ್ಲಿ ತುಂಬಿ ಮುಚ್ಚಿ. ಹೆಣವನ್ನು ಐಸ್ ಇಟ್ಟು ನೆರಳಿನಲ್ಲಿರಿಸಿ. 112ಕ್ಕೆ ಕರೆ ಮಾಡಿ, ಠಾಣೆಯ ಕೋರಿಕೆ ಪತ್ರದೊಂದಿಗೆ ಸರ್ಕಾರಿ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ಒಳಾಂಗದ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಪೊಲೀಸರ ಮೂಲಕವೇ ಹೋಗಬೇಕು. ಖಾಸಗಿಯಾಗಿ ಮಾಡಿಸಿದ ವರದಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಔಷಧಿ ಇಡುವ ಮಾತಾಡಿದವರಿಗೆ ಕೇಸಿನ ಭಯಕ್ಕಿಂತ ಮೊದಲು ಇದನ್ನು ಹೇಳಿ: ಖಾಲಿ ಸೈಟಿನಲ್ಲಿಟ್ಟ ಮಾಂಸದ ಚೂರನ್ನು ಕಾಗೆ ಎತ್ತಿಕೊಂಡು ಹೋಗಿ ಇನ್ನೊಂದು ಮನೆಯ ತಾರಸಿಗೆ ಹಾಕಬಹುದು, ಅದನ್ನು ಅಂಬೆಗಾಲಿಡುವ ಮಗು ಹೆಕ್ಕಬಹುದು.

ತಾರಸಿಯ ಬೆಕ್ಕು

ಎರಡೂ ಕಾನೂನುಗಳಲ್ಲಿ ಪ್ರಾಣಿ ಎಂದರೆ ಮನುಷ್ಯರಲ್ಲದ ಯಾವುದೇ ಜೀವಿ. ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರ್ಕೆಟ್ಟಿಗೆ ಬಿಡುವುದು ನಾಯಿಯನ್ನು ಹೈವೇಗೆ ಬಿಟ್ಟಷ್ಟೇ ಅಪರಾಧ. ಮಾರ್ಕೆಟ್ಟಿನಲ್ಲಿ ಮೀನು ಸಿಗುತ್ತದೆ ನಿಜ, ಅಲ್ಲಿ ಮೊದಲೇ ಇರುವ ಬೆಕ್ಕುಗಳೂ ನಾಯಿಗಳೂ ಹೊಸ ಬೆಕ್ಕನ್ನು, ಅದೂ ಮರಿಗಳಿರುವುದನ್ನು ಬದುಕಗೊಡುವುದಿಲ್ಲ.

ತಾಯಿ ಕಾಣಲಿಲ್ಲವೆಂದು ಮರಿಗಳನ್ನು ಎತ್ತಬೇಡಿ. ಗೂಡಿನ ಸುತ್ತ ಒಂದು ಹಿಡಿ ರಾಗಿಹಿಟ್ಟು ತೆಳ್ಳಗೆ ಉದುರಿಸಿ ಬನ್ನಿ. ಬೆಳಿಗ್ಗೆ ಹೆಜ್ಜೆಗುರುತು ಇದ್ದರೆ ತಾಯಿ ಬಂದು ಹೋಗಿದೆ. ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ, ನಾಲ್ಕನೇ ವಾರಕ್ಕೆ ಮರಿಗಳು ಎಲ್ಲ ಕಡೆ ಹತ್ತುತ್ತವೆ. ಆ ಕೋಣೆಗೆ ಫಿನಾಯಿಲ್ ಹಾಕಿ ತೊಳೆಯಬೇಡಿ. ಪಾದಕ್ಕಂಟಿದ್ದನ್ನು ಬೆಕ್ಕು ನೆಕ್ಕುತ್ತದೆ, ಅದರ ಯಕೃತ್ತಿಗೆ ಆ ವಿಷವನ್ನು ಕರಗಿಸುವ ಶಕ್ತಿ ಕಡಿಮೆ. ಅದೇ ಕಾರಣಕ್ಕೆ ಪ್ಯಾರಾಸಿಟಮಾಲ್ ಮಾತ್ರೆಯ ಚೂರೂ ಬೆಕ್ಕಿಗೆ ಕೊಡುವಂತಿಲ್ಲ. ಹಸುವಿನ ಹಾಲು ಮರಿಗಳಿಗೆ ಭೇದಿ ಮಾಡುತ್ತದೆ.

ಬೆಕ್ಕಿನಲ್ಲಿ ನಾಯಿಗಿಂತ ಬೇಗ ಎಚ್ಚರಾಗಬೇಕು. ಹಾಲುಣಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲುದು, ಹೆಣ್ಣುಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತದೆ. ಮರಿಗಳು ಎಂಟು ವಾರ ತುಂಬುತ್ತಿದ್ದಂತೆ ತಾಯಿಗೆ ಆಪರೇಶನ್, ಮರಿಗಳಿಗೆ ಮನೆ ಹುಡುಕುವುದು. ಕೈಗೆ ಸಿಗದ ಬೆಕ್ಕಿಗೆ ಪೆಟ್ಟಿಗೆ ಬೋನು ಬೇಕು, ಪ್ರಾಣಿ ದಯಾ ಸಂಘದಲ್ಲಿ ಅಥವಾ ಪಶುವೈದ್ಯರಲ್ಲಿ ವಿಚಾರಿಸಿ. ಎರಡು ಮೂರು ದಿನ ಬಾಗಿಲು ಬೀಳದಂತೆ ತೆರೆದು ಕಟ್ಟಿಟ್ಟ ಬೋನಿನೊಳಗೇ ಊಟ ಇಟ್ಟು ರೂಢಿ ಮಾಡಿಸಿ. ಹಿಡಿಯುವ ರಾತ್ರಿ ಹುರಿದ ಬಂಗುಡೆಯ ಒಂದು ಚೂರು ಬೋನಿನ ತುದಿಯಲ್ಲಿಡಿ. ಬಾಗಿಲು ಬಿದ್ದ ಕೂಡಲೇ ಬೋನಿನ ಮೇಲೆ ದಪ್ಪ ಬೆಡ್‌ಶೀಟ್ ಹೊದಿಸಿ, ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ. ಬರಿಗೈಯಲ್ಲಿ ಹಿಡಿಯಲು ಹೋಗಿ ಪರಚಿಸಿಕೊಂಡರೆ ಅಥವಾ ಕಚ್ಚಿಸಿಕೊಂಡರೆ ಆ ಹುಡುಗನಿಗೆ ಹೇಳಿದ್ದೇ ನಿಮಗೂ: ಸೋಪು, 15 ನಿಮಿಷ ನೀರು, ಅದೇ ದಿನ ಆಸ್ಪತ್ರೆ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ.